ಅಂಗಳದಲ್ಲೇ ಮೊಳ ಹಾಕೋಣ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಪುಕ್ಕಟೆ ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡು ಉಡುವುದು ಬಿಟ್ಟು ಅಳತೆ ನೋಡುವವರನ್ನು ಆಡಿಕೊಳ್ಳುವ ಗಾದೆ ಅದು. ನನಗೆ ಮಾತ್ರ ಮೊದಲಿನಿಂದಲೂ ಆ ಮೊಳ ಹಾಕಿದವರ ಮೇಲೆಯೇ ಗೌರವ. ಹಿತ್ತಲು ಎಂದ ಮೇಲೆ ಅವರು ಹೆಂಗಸರೇ ಇರಬೇಕು. ದಟ್ಟಿ ಎಷ್ಟು ಮೊಳವಿದೆ, ಎಲ್ಲಿಯದು, ಯಾರ ಮೈಮೇಲಿಂದ ಎಳೆದು ತಂದದ್ದು ಎಂದು ಕೇಳುವುದರಲ್ಲಿ ತಪ್ಪೇನಿದೆ? ನನ್ನ ತಕರಾರು ಒಂದೇ. ಆ ಕೆಲಸವನ್ನು ಹಿತ್ತಲಿಗೆ ಹೋಗಿ ಯಾಕೆ ಮಾಡಬೇಕು? ಅಂಗಳದಲ್ಲೇ, ನಾಲ್ಕು ಜನರ ಎದುರಿಗೇ ಮಾಡಬಹುದಲ್ಲ?

ಈ ಮಾತು ಈಗ ನೆನಪಾದದ್ದು ಫುಟ್‌ಬಾಲಿನ ದೆಸೆಯಿಂದ. ಫುಟ್‌ಬಾಲ್ ಎಂದ ಕೂಡಲೇ ಪುಟ ತಿರುಗಿಸಬೇಡಿ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಪೇಪರ್ ಬಂದರೆ ಆಟದ ಪುಟ ಗಂಡಸರ ಪಾಲು, ಪುರವಣಿ ನಮ್ಮ ಪಾಲು ಎಂದು ಯಾರೋ ಹಂಚಿಕೆ ಮಾಡಿಟ್ಟಿದ್ದಾರೆ. ಆ ಆಟದ ಪುಟದಲ್ಲಿ ಏನೇನು ನಡೆಯುತ್ತಿದೆ ಎಂದು ನಾವೂ ಒಮ್ಮೆ ನೋಡುವುದು ಒಳ್ಳೆಯದು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಇಂಗ್ಲೆಂಡಿನ ಚೆಲ್ಸಿ ಎಂಬ ಫುಟ್‌ಬಾಲ್ ಕ್ಲಬ್ಬಿನ ಪರಮ ಭಕ್ತ. ಲಂಡನ್ನನ್ನು ಕಂಡವನಲ್ಲ, ಆದರೆ ಅಲ್ಲಿಯ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನಕ್ಕೆ ಯಾವ ದಾರಿಯಲ್ಲಿ ಹೋಗಬೇಕೆಂದು ಕಣ್ಣುಮುಚ್ಚಿ ಹೇಳಬಲ್ಲ. ಅವನ ಗೆಳೆಯನೊಬ್ಬ ಆರ್ಸೆನಲ್ ಎಂಬ ಇನ್ನೊಂದು ಕ್ಲಬ್ಬಿನ ಕಡೆಯವನು. ಇಬ್ಬರೂ ಸೇರಿದರೆ ಚೆಲ್ಸಿಯ ಹಿಂದಿನ ಒಡೆಯ ರೊಮಾನ್ ಅಬ್ರಮೊವಿಚ್ ಒಳ್ಳೆಯವನೋ ಕೆಟ್ಟವನೋ ಎಂದು ಊಟದ ಎಲೆ ಒಣಗುವವರೆಗೂ ವಾದ. ‘ಪತ್ರಿಕೆಯವರು ಅವನ ಹೆಸರು ಹಾಳು ಮಾಡಿದರು ದೊಡ್ಡಮ್ಮ. ಅವನು ಕ್ಲಬ್ಬಿಗೆ ಕೊಟ್ಟಷ್ಟು ಯಾರು ಕೊಟ್ಟಿದ್ದಾರೆ? ಇದೆಲ್ಲ ನಿಮಗೆ ಗೊತ್ತಾಗಲ್ಲ’ ಎಂದ ನಮ್ಮ ಹುಡುಗ. ಸಂಸಾರದ ಲೆಕ್ಕ ನಲವತ್ತು ವರ್ಷ ಬರೆದವಳಿಗೆ ಇದೊಂದು ಲೆಕ್ಕ ಗೊತ್ತಾಗುವುದಿಲ್ಲವೆ? ಗೊತ್ತು ಮಾಡಿಕೊಂಡೆ. ಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಬ್ರಮೊವಿಚ್ ಹುಟ್ಟಿದ್ದು 1966ರಲ್ಲಿ, ರಷ್ಯಾದಲ್ಲಿ. ತೀರಾ ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ನೆಂಟರ ಮನೆಯಲ್ಲಿ ಬೆಳೆದ ಹುಡುಗ. ಅಷ್ಟಕ್ಕೆ ಕರುಳು ಚುರ್ ಎನ್ನುತ್ತದೆ, ಎನ್ನಲಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಯ ಸರ್ಕಾರ ತನ್ನ ಎಣ್ಣೆ ಬಾವಿ, ಗಣಿ, ಕಾರ್ಖಾನೆಗಳನ್ನು ಕೈಬಿಡತೊಡಗಿದಾಗ, 1995ರಲ್ಲಿ ಬೋರಿಸ್ ಬೆರೆಜೊವ್ಸ್ಕಿ ಎಂಬ ಪ್ರಭಾವಶಾಲಿಯ ಬೆಂಬಲದಿಂದ ಸಿಬ್‌ನೆಫ್ಟ್ ಎಂಬ ಎಣ್ಣೆ ಕಂಪೆನಿ ಈತನ ಕೈ ಸೇರಿತು. ಹರಾಜಿನಲ್ಲಿ ಕೊಟ್ಟ ಬೆಲೆ ಸುಮಾರು 10 ಕೋಟಿ ಡಾಲರ್. ಹತ್ತೇ ವರ್ಷಕ್ಕೆ, 2005ರಲ್ಲಿ, ಆ ಕಂಪೆನಿಯ ಮುಕ್ಕಾಲು ಪಾಲನ್ನು ರಷ್ಯಾ ಸರ್ಕಾರದ ಹಿಡಿತದ ಗಾಜ್‌ಪ್ರಾಮಿಗೇ ಸುಮಾರು 1300 ಕೋಟಿ ಡಾಲರಿಗೆ ಮಾರಲಾಯಿತು. ಜನರ ಸ್ವತ್ತನ್ನು ಚಿಲ್ಲರೆಗೆ ಕೊಂಡು ಜನರ ಬೊಕ್ಕಸಕ್ಕೇ ಚಿನ್ನದ ಬೆಲೆಗೆ ಮಾರುವುದಕ್ಕೆ ಅರ್ಥಶಾಸ್ತ್ರದಲ್ಲಿ ಏನೋ ದೊಡ್ಡ ಹೆಸರಿರಬಹುದು. ನಮ್ಮ ಸಂತೆಯಲ್ಲಿ ಅದಕ್ಕೆ ಬೇರೆಯೇ ಹೆಸರಿದೆ.

ಮುಂದೆ ಈ ಬೆರೆಜೊವ್ಸ್ಕಿಗೂ ಅಬ್ರಮೊವಿಚ್ಚನಿಗೂ ಹಳಸಿತು. ವ್ಯಾಜ್ಯ ಲಂಡನ್ನಿನ ಕೋರ್ಟಿಗೆ ಹೋಯಿತು. 2012ರಲ್ಲಿ ಗೆದ್ದವನು ಅಬ್ರಮೊವಿಚ್ಚನೇ. ಆದರೆ ಗೆಲ್ಲಲು ಆತ ಹೂಡಿದ ವಾದವನ್ನು ಗಮನಿಸಬೇಕು. ‘ಬೆರೆಜೊವ್ಸ್ಕಿ ನನ್ನ ಪಾಲುದಾರನಾಗಿರಲಿಲ್ಲ, ನಾನು ಅವನಿಗೆ ಕೊಟ್ಟ ಹಣವೆಲ್ಲ ಕ್ರಿಶಕ್ಕಾಗಿ ಕೊಟ್ಟದ್ದು’ ಎಂಬುದು ಆ ವಾದದ ತಿರುಳು. ಕ್ರಿಶ ಎಂದರೆ ರಷ್ಯನ್ ಭಾಷೆಯಲ್ಲಿ ಚಾವಣಿ. ವ್ಯವಹಾರದ ತಲೆಯ ಮೇಲೆ ರಾಜಕೀಯದ ನೆರಳು, ಗೂಂಡಾಗಳಿಂದ ರಕ್ಷಣೆ, ಎಲ್ಲಕ್ಕೂ ಸೇರಿ ಕೊಡುವ ಕಾಣಿಕೆ. ಇದು ಪತ್ರಿಕೆಯವರು ಕಟ್ಟಿದ ಕತೆಯಲ್ಲ, ಸ್ವತಃ ಅವನ ಕಡೆಯ ಹೇಳಿಕೆ. ಹೆಸರು ಹಾಳು ಮಾಡಿದವರು ಯಾರು ಎಂದು ಕೇಳುವ ನಮ್ಮ ಹುಡುಗ ಇಲ್ಲಿಂದ ಓದಲು ಶುರುಮಾಡಿದರೆ ಒಳ್ಳೆಯದು.

ಈ ಹಣದ ಒಂದಂಶ ಹಿಡಿದುಕೊಂಡು ಆತ 2003ರ ಜುಲೈನಲ್ಲಿ, ಕ್ಲಬ್ಬಿನ ಸಾಲವೂ ಸೇರಿ ಸುಮಾರು 14 ಕೋಟಿ ಪೌಂಡಿಗೆ ಚೆಲ್ಸಿಯನ್ನು ಕೊಂಡ. ಆಮೇಲಿನದು ವೈಭವದ ಕತೆ. 1955ರ ನಂತರ ಒಮ್ಮೆಯೂ ಇಂಗ್ಲೆಂಡಿನ ಲೀಗ್ ಗೆಲ್ಲದಿದ್ದ ತಂಡ 2005ರಲ್ಲಿ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಯುರೋಪಿನ ಅತಿ ದೊಡ್ಡ ಕಪ್ಪು 2012ರಲ್ಲೂ 2021ರಲ್ಲೂ ಬಂತು. ಐವತ್ತು ವರ್ಷ ಕಾದು ಕುಳಿತ ಅಪ್ಪಂದಿರು, ಅಜ್ಜಂದಿರು ಅತ್ತಿರಬೇಕು. ಆ ಸಂತೋಷ ಸುಳ್ಳಲ್ಲ, ಅದನ್ನು ಗೇಲಿ ಮಾಡುವಷ್ಟು ಕಲ್ಲೆದೆ ನನ್ನದಲ್ಲ. ನನ್ನ ಜಗಳ ಇರುವುದು ಆ ಸಂತೋಷವನ್ನು ಒಂದು ನಡತೆಯ ಸರ್ಟಿಫಿಕೇಟಾಗಿ ಬರೆದುಕೊಡುವವರ ಜೊತೆ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಏರಿಹೋಯಿತು. ಮಾರ್ಚ್ 2ರಂದು ಅಬ್ರಮೊವಿಚ್ ಕ್ಲಬ್ಬನ್ನು ಮಾರುತ್ತೇನೆ ಎಂದ. ಮಾರ್ಚ್ 5ರಂದು ಬರ್ನ್ಲಿ ಎಂಬ ಊರಿನಲ್ಲಿ ಚೆಲ್ಸಿಯ ಪಂದ್ಯ. ಆಟಕ್ಕೆ ಮುಂಚೆ ಉಕ್ರೇನಿನ ಜನರಿಗಾಗಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರೆ, ಚೆಲ್ಸಿಯ ಒಂದಷ್ಟು ಅಭಿಮಾನಿಗಳು ಅಬ್ರಮೊವಿಚ್ಚನ ಹೆಸರು ಹಿಡಿದು ಹಾಡತೊಡಗಿದರು. ಸ್ವತಃ ತಂಡದ ತರಬೇತುದಾರ ಥಾಮಸ್ ಟುಕೆಲ್, ಇದು ಅದಕ್ಕೆ ಸಮಯವಲ್ಲ ಎಂದು ತಮ್ಮ ಅಭಿಮಾನಿಗಳನ್ನೇ ಗದರಬೇಕಾಯಿತು. ಮಾರ್ಚ್ 9ರಂದು ಮರಿಯುಪೋಲ್ ನಗರದ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿತ್ತು. ತುಂಬು ಬಸುರಿಯರನ್ನು ಸ್ಟ್ರೆಚರಿನ ಮೇಲೆ ಹೊತ್ತು ತರುವ ಚಿತ್ರವನ್ನು ನೀವೂ ಟಿವಿಯಲ್ಲಿ ಕಂಡಿರುತ್ತೀರಿ. ಮರುದಿನ, ಮಾರ್ಚ್ 10ರಂದು, ಬ್ರಿಟನ್ ಸರ್ಕಾರ ಅಬ್ರಮೊವಿಚ್ಚನ ಆಸ್ತಿಯನ್ನೆಲ್ಲ ತಡೆಹಿಡಿಯಿತು. ಆತನಿಗೆ ಪುಟಿನ್ ಜೊತೆ ನಿಕಟ ಸಂಬಂಧವಿದೆ, ಆತನ ಪಾಲಿರುವ ಇವ್‌ರಾಜ್ ಎಂಬ ಉಕ್ಕಿನ ಕಂಪೆನಿ ರಷ್ಯಾದ ಸೈನ್ಯಕ್ಕೆ ಉಕ್ಕು ಒದಗಿಸಿರಬಹುದು, ಅದು ಟ್ಯಾಂಕುಗಳಿಗೆ ಬಳಕೆಯಾಗಿರಬಹುದು ಎಂದು ಕಾರಣ ಕೊಟ್ಟಿತು. ಅಬ್ರಮೊವಿಚ್ ಪುಟಿನ್ ನಂಟನ್ನು ಅಲ್ಲಗಳೆಯುತ್ತಲೇ ಬಂದಿದ್ದಾನೆ, ಕಂಪೆನಿಯೂ ಆರೋಪವನ್ನು ನಿರಾಕರಿಸಿತು. ಅದೇ ಮಾರ್ಚಿನಲ್ಲಿ ಇಸ್ತಾಂಬುಲಿನ ಶಾಂತಿ ಮಾತುಕತೆಯ ಕೋಣೆಯಲ್ಲಿ ಆತ ಕುಳಿತಿದ್ದ ಎಂಬುದೂ ನಿಜ. ಅವನ ಪರವಾಗಿರುವುದನ್ನೂ ಹೇಳದಿದ್ದರೆ ನನ್ನ ಮೊಳ ಗಿಡ್ಡವಾದೀತು.

ಆದರೆ ಆ ದಿನ ಹಾಡಿದವರು ಇದನ್ನೆಲ್ಲ ತೂಗಿ ನೋಡಿ ಹಾಡಿದವರೆ? ಅವರ ವಾದ ಮೂರು. ಒಂದೊಂದಾಗಿ ಬಿಡಿಸೋಣ.

ಮೊದಲನೆಯದು, ‘ಆತ ಕೊಟ್ಟ, ತೆಗೆದುಕೊಳ್ಳಲಿಲ್ಲ.’ ಕ್ಲಬ್ಬಿಗೆ ಆತ ಹಾಕಿದ ಹಣ ಸುಮಾರು 150 ಕೋಟಿ ಪೌಂಡ್, ಅದೂ ಸಾಲವೆಂದು ಬರೆದು. ಮಾರುವಾಗ ಆ ಸಾಲವನ್ನು ವಾಪಸು ಕೇಳುವುದಿಲ್ಲ ಎಂದ. ಹಾಗಾದರೆ ಆತನಿಗೆ ಸಿಕ್ಕಿದ್ದೇನು? ಹೆಸರು. 2003ಕ್ಕೆ ಮುಂಚೆ ಆತ ರಷ್ಯಾದ ಹತ್ತಾರು ಎಣ್ಣೆ ಕುಬೇರರಲ್ಲಿ ಒಬ್ಬ. ಆಮೇಲೆ ಜಗತ್ತಿನ ಮೂಲೆಮೂಲೆಯ ಹುಡುಗರ ಬಾಯಲ್ಲಿ ಆತನ ಹೆಸರು, ಅದೂ ಪ್ರೀತಿಯಿಂದ. ನಮ್ಮಂಥ ಊರುಗಳಲ್ಲಿ ನೀಲಿ ಜೆರ್ಸಿ ತೊಟ್ಟು ಬೈಕಿನಲ್ಲಿ ಹೋಗುವ ಹುಡುಗನೂ ಕೂಲಿಯಿಲ್ಲದೆ ಆತನಿಗೆ ವಕೀಲ. ಯಾವ ಜಾಹೀರಾತು ಕಂಪೆನಿ ಇದನ್ನು ಮಾಡಿಕೊಟ್ಟೀತು? ಕೊಟ್ಟ, ತೆಗೆದುಕೊಳ್ಳಲಿಲ್ಲ ಎನ್ನುವವರು ಕೊಂಡ ಮಾಲು ಯಾವುದು ಎಂಬುದನ್ನೇ ಮರೆತಿದ್ದಾರೆ.

ಎರಡನೆಯ ವಾದ ನಮ್ಮ ಬಾಯಿ ಮುಚ್ಚಿಸಲೆಂದೇ ಇರುವುದು. ‘ಹೆಂಗಸರ ತಂಡವನ್ನು ನೋಡಿ, ಅದನ್ನು ಬೆಳೆಸಿದವರು ಯಾರು?’ ನಿಜವೇ. ಚೆಲ್ಸಿಯ ಮಹಿಳಾ ತಂಡ 2012ರಲ್ಲಿ ಎಮ್ಮಾ ಹೇಯ್ಸ್ ಎಂಬ ಗಟ್ಟಿಗಿತ್ತಿಯ ಕೈಗೆ ಬಂದ ಮೇಲೆ 2015ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿನ ಲೀಗ್ ಗೆದ್ದು, ಮುಂದೆ ಮತ್ತೆ ಮತ್ತೆ ಗೆದ್ದಿತು. ಹಣವಿಲ್ಲದೆ ಅದಾಗುತ್ತಿರಲಿಲ್ಲ. ಆದರೆ ಹೆಂಗಸರಿಗೆ ಆ ಹಣ ದೊಡ್ಡ ಉಪಕಾರದಂತೆ ಕಾಣುವ ಹಾಗೆ ಮಾಡಿದವರು ಯಾರು ಎಂಬುದನ್ನೂ ಕೇಳಬೇಕಲ್ಲ? 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ಕಾರ್ಖಾನೆಯ ಹುಡುಗಿಯರ ತಂಡವೊಂದರ ಆಟ ನೋಡಲು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಗಂಡಸರು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು, ತಮ್ಮ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ಕಟ್ಟಳೆ ಮಾಡಿದರು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಹಸಿವಿನಲ್ಲಿ ಕೂರಿಸಿಟ್ಟವರೂ ಗಂಡಸರೇ, ಆಮೇಲೆ ಅನ್ನ ಇಟ್ಟವನ ಕಾಲು ಹಿಡಿಯಿರಿ ಎನ್ನುವವರೂ ಗಂಡಸರೇ! ಆ ಹುಡುಗಿಯರು ಪಡೆದದ್ದು ಬೆವರಿನ ಸಂಬಳ, ಭಿಕ್ಷೆಯಲ್ಲ. ಸಂಬಳ ಕೊಟ್ಟ ಮಾತ್ರಕ್ಕೆ ಯಜಮಾನನ ಹಳೆಯ ಲೆಕ್ಕ ಚುಕ್ತಾ ಆಗುವುದಿಲ್ಲ. ಹೆಂಗಸರ ತಂಡವನ್ನು ಯಾರಾದರೂ ಗುರಾಣಿಯಂತೆ ಎದುರಿಗೆ ಹಿಡಿದಾಗ ಅದರ ಹಿಂದೆ ಏನಿದೆ ಎಂದು ಬಗ್ಗಿ ನೋಡಬೇಕಾದವರು ಮೊದಲು ನಾವೇ.

ಮೂರನೆಯದು, ‘ಪತ್ರಿಕೆಯವರು ಗೋಸುಂಬೆಗಳು.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಗಟ್ಟಿಯಾಗಿ ಒಪ್ಪುತ್ತೇನೆ. ಒಂದೇ ಪತ್ರಿಕೆಯ ಆಟದ ಪುಟದಲ್ಲಿ ಆತ ಕೊಡುಗೈ ದೊರೆ, ವಾಣಿಜ್ಯದ ಪುಟದಲ್ಲಿ ಚಾಣಾಕ್ಷ, ಬಣ್ಣದ ಪುಟದಲ್ಲಿ ಹಡಗಿನಂಥ ವಿಹಾರನೌಕೆಯ ಒಡೆಯ. ಎಲ್ಲೋ ಒಳಪುಟದಲ್ಲಿ ಮಾತ್ರ ಕೋರ್ಟಿನ ಕ್ರಿಶದ ಸುದ್ದಿ. ಒಂದು ಪುಟಕ್ಕೆ ಇನ್ನೊಂದು ಪುಟದ ಪರಿಚಯವೇ ಇಲ್ಲ. ಹತ್ತೊಂಬತ್ತು ವರ್ಷ ಹೀಗೆ ನಡೆದು, ಸರ್ಕಾರ ಬೀಗ ಹಾಕಿದ ಮರುದಿನ ಎಲ್ಲ ಪುಟಗಳೂ ಒಟ್ಟಿಗೆ ಎಚ್ಚೆತ್ತು, ನಮಗೆ ಮೊದಲೇ ಗೊತ್ತಿತ್ತು ಎಂಬಂತೆ ಬರೆದವು. ಗೊತ್ತಿದ್ದರೆ ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಅಭಿಮಾನಿ ಸಿಟ್ಟಾದರೆ ಅದು ನ್ಯಾಯವಾದ ಸಿಟ್ಟೇ.

ಆದರೆ ಗೊತ್ತಿದ್ದವರು, ಹೇಳಲು ಹೊರಟವರು ಏನಾದರು ಎಂಬುದು ಉಳಿದರ್ಧ ಸತ್ಯ. ಕ್ಯಾಥರೀನ್ ಬೆಲ್ಟನ್ ಎಂಬ ಪತ್ರಕರ್ತೆ ವರ್ಷಗಟ್ಟಲೆ ಮಾಸ್ಕೋದಲ್ಲಿ ವರದಿ ಮಾಡಿದವರು. ಪುಟಿನ್ನನ ಸುತ್ತಲಿನ ಹಣವಂತರ ಬಗ್ಗೆ 2020ರಲ್ಲಿ ಒಂದು ದಪ್ಪ ಪುಸ್ತಕ ಬರೆದರು. 2021ರಲ್ಲಿ ಅಬ್ರಮೊವಿಚ್ ಲಂಡನ್ನಿನಲ್ಲಿ ಆಕೆಯ ಮೇಲೂ ಪ್ರಕಾಶಕರ ಮೇಲೂ ಮಾನನಷ್ಟದ ದಾವೆ ಹೂಡಿದ. ಆತನೊಬ್ಬನೇ ಅಲ್ಲ, ಪುಸ್ತಕದಲ್ಲಿ ಹೆಸರು ಬಂದ ಇನ್ನೂ ಕೆಲವು ಶ್ರೀಮಂತರೂ ಒಂದು ಕಂಪೆನಿಯೂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ವರ್ಷದ ಡಿಸೆಂಬರಿನಲ್ಲಿ ರಾಜಿಯಾಯಿತು. ಪ್ರಕಾಶಕರು ಕ್ಷಮೆ ಕೇಳಿ, ಕೆಲವು ಮಾತುಗಳನ್ನು ತಿದ್ದಿ, ಒಂದು ದತ್ತಿಗೆ ಹಣ ಕೊಡಲು ಒಪ್ಪಿದರು. ತಪ್ಪು ಬರೆದಿದ್ದರೆ ತಿದ್ದಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂಟಿ ಲೇಖಕಿ ಒಂದು ಕಡೆ, ಕೋಟಿಗಟ್ಟಲೆ ಸುರಿಯಬಲ್ಲವರು ಇನ್ನೊಂದು ಕಡೆ ನಿಂತಾಗ ಅದು ತಪ್ಪು ಒಪ್ಪಿನ ವಿಚಾರಣೆಯೋ, ಖರ್ಚಿನ ಭಯ ತೋರಿಸುವ ಆಟವೋ? ಈ ಪ್ರಶ್ನೆ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೂ ಎದ್ದಿತು. ಆರ್ಥಿಕ ಅಪರಾಧಗಳ ಬಗ್ಗೆ ಬರೆಯುವವರನ್ನು ಬಾಯಿ ಮುಚ್ಚಿಸಲೆಂದು ಹೂಡುವ ದಾವೆಗಳನ್ನು ಮೊದಲಲ್ಲೇ ತಳ್ಳಿಹಾಕಲು 2023ರ ಕಾಯ್ದೆಯೊಂದರಲ್ಲಿ ಅವಕಾಶ ಮಾಡಬೇಕಾಯಿತು. ಪತ್ರಿಕೆಗಳು ಯಾಕೆ ಸುಮ್ಮನಿದ್ದವು ಎಂದು ಕೇಳುವ ಅಭಿಮಾನಿಗಳು, ಸುಮ್ಮನಿರಿಸಿದವರು ಯಾರು ಎಂದೂ ಕೇಳಲಿ.

ಇಷ್ಟು ಹೇಳಿದಾಗ ಆರ್ಸೆನಲ್ ಕಡೆಯ ಹುಡುಗ ಬೀಗಬೇಕಿಲ್ಲ. ಅವನ ಕ್ಲಬ್ಬಿನಲ್ಲಿ 2007ರಿಂದ 2018ರವರೆಗೆ ಪಾಲುದಾರನಾಗಿದ್ದವನು ಅಲಿಶೇರ್ ಉಸ್ಮಾನೊವ್. ಉಜ್ಬೇಕಿಸ್ತಾನದಲ್ಲಿ ಹುಟ್ಟಿ ರಷ್ಯಾದ ಲೋಹ, ಗಣಿಗಳಲ್ಲಿ ಕುಬೇರನಾದವನು. ಆತ ಪಾಲು ಕೊಂಡ ವರ್ಷವೇ, ಉಜ್ಬೇಕಿಸ್ತಾನದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಕ್ರೇಗ್ ಮರ್ರಿ ಆತನ ಹಿಂದಿನ ಬದುಕಿನ ಬಗ್ಗೆ ಬರೆದದ್ದಕ್ಕೆ ಉಸ್ಮಾನೊವನ ವಕೀಲರ ಕಾಗದ ಹೋಗಿ, ಮರ್ರಿಯ ಜಾಲತಾಣವನ್ನೇ ಮುಚ್ಚಿಸಲಾಯಿತು. ಅದರ ಜೊತೆಗೆ ಏನೂ ಸಂಬಂಧವಿಲ್ಲದ ಇನ್ನೂ ಕೆಲವರ ತಾಣಗಳೂ ಮುಚ್ಚಿದವು. ಆರ್ಸೆನಲ್ಲಿನ ಶೇಕಡಾ 30 ಪಾಲನ್ನು ಆತ 55 ಕೋಟಿ ಪೌಂಡಿಗೆ ಮಾರಿ ಹೊರಬಂದ. 2022ರ ಮಾರ್ಚಿನಲ್ಲಿ ಆತನ ಮೇಲೂ ನಿರ್ಬಂಧ ಬಂತು. ಹೀಗೆ ಚೆಲ್ಸಿಯವನು ಉಸ್ಮಾನೊವನ ಕಡೆ ಬೆರಳು ತೋರಿಸುತ್ತಾನೆ, ಆರ್ಸೆನಲ್ಲಿನವನು ಅಬ್ರಮೊವಿಚ್ಚನ ಕಡೆ. ಇಬ್ಬರೂ ಸೇರಿ ನ್ಯೂಕಾಸಲ್ ಕ್ಲಬ್ಬಿನ ಕಡೆ. ಅದರ ಶೇಕಡಾ 80 ಪಾಲು 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿಯ ಕೈಸೇರಿತು. ಹೆಂಗಸರಿಗೆ ಕಾರು ಓಡಿಸುವ ಹಕ್ಕು ಬೇಕೆಂದು ಹೋರಾಡಿದ ಲೌಜೈನ್ ಅಲ್ ಹತ್ಲೂಲ್ ಎಂಬ ಯುವತಿಯನ್ನು, 2018ರಲ್ಲಿ ಆ ಹಕ್ಕು ಕೊಡುವ ತುಸು ಮೊದಲೇ ಸೆರೆಗೆ ಹಾಕಿದ ಸರ್ಕಾರ ಅದು. 2022ರ ಮಾರ್ಚ್ 12ರಂದು ಅಲ್ಲಿ ಒಂದೇ ದಿನ 81 ಜನರಿಗೆ ಮರಣದಂಡನೆಯಾದ ಸುದ್ದಿ ಬಂತು. ಮರುದಿನ ಲಂಡನ್ನಿನಲ್ಲಿ ಚೆಲ್ಸಿಗೂ ನ್ಯೂಕಾಸಲ್ಲಿಗೂ ಪಂದ್ಯ! ಒಡೆಯರ ಬಗ್ಗೆ ಕೇಳಿದರೆ ನ್ಯೂಕಾಸಲ್ಲಿನ ತರಬೇತುದಾರ, ನಾನು ಆಟದ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದುಬಿಟ್ಟರು. ‘ನಿನ್ನವನು ಕಳ್ಳ’, ‘ನಿನ್ನವನು ಇನ್ನೂ ದೊಡ್ಡ ಕಳ್ಳ’ ಎಂಬ ಈ ವಾದದಲ್ಲಿ ಕಳುವಾದದ್ದು ಯಾರದು ಎಂಬ ಮಾತೇ ಬರುವುದಿಲ್ಲ, ನೋಡಿ.

ಇದೆಲ್ಲ ಏಳು ಸಮುದ್ರದಾಚೆಯ ಸಂಗತಿ ಎನ್ನುವಿರಾ? ನಮ್ಮ ಊರುಗಳ ಕಲ್ಯಾಣ ಮಂಟಪದಲ್ಲೋ ದೇವಸ್ಥಾನದಲ್ಲೋ ತಲೆಯೆತ್ತಿ ನೋಡಿ. ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ದಾನಿಗಳ ಹೆಸರು. ಬೆಳಕಿಗಿಂತ ಹೆಸರೇ ಹೆಚ್ಚು. ನಮ್ಮೂರಲ್ಲಿ ಚೀಟಿ ನಡೆಸುತ್ತಿದ್ದ ಮಹಾಶಯನೊಬ್ಬ ಸಮಾಜದ ಕಟ್ಟಡಕ್ಕೆ ಒಂದು ದೊಡ್ಡ ಕೋಣೆಯನ್ನೇ ಕಟ್ಟಿಸಿಕೊಟ್ಟ. ಎರಡು ವರ್ಷದ ಮೇಲೆ ಚೀಟಿ ಮುಳುಗಿತು, ಆತ ಊರು ಬಿಟ್ಟ. ನಮ್ಮ ಬೀದಿಯಲ್ಲಿ ಹೂ ಮಾರುವ ಹೆಂಗಸು ಮಗಳ ಮದುವೆಗೆಂದು ಕಟ್ಟಿದ್ದ ದುಡ್ಡೂ ಅದರಲ್ಲೇ ಹೋಯಿತು. ಅಮೃತಶಿಲೆಯ ಮೇಲೆ ಆತನ ಹೆಸರು ಈಗಲೂ ಇದೆ. ‘ಏನೇ ಆಗಲಿ, ಒಳ್ಳೆ ಕೊಡುಗೈ ಮನುಷ್ಯ’ ಎನ್ನುವವರು ಈಗಲೂ ಇದ್ದಾರೆ. ಆ ಕೋಣೆಯ ಗೋಡೆಯಲ್ಲಿ ಹೂವಿನವಳ ಇಟ್ಟಿಗೆಯೂ ಇದೆಯಲ್ಲ, ಅವಳ ಹೆಸರನ್ನು ಎಲ್ಲಿ ಕೆತ್ತಿಸಿದ್ದೀರಿ ಎಂದು ನಾನು ಸಭೆಯಲ್ಲೇ ಕೇಳಿದೆ. ಉತ್ತರ ಬರಲಿಲ್ಲ, ಕಾಫಿ ಬಂತು.

ಫುಟ್‌ಬಾಲಿಗೂ ಕರ್ನಾಟಕಕ್ಕೂ ಇಂಥದೇ ಒಂದು ನಂಟಿದೆ. ಕೊಲ್ಕತ್ತಾದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡೂ ಹಾವು ಮುಂಗುಸಿಯಂಥ ಕ್ಲಬ್ಬುಗಳು. 1998ರಲ್ಲಿ ಎರಡರಲ್ಲೂ ಅರ್ಧ ಪಾಲು ಹಿಡಿದದ್ದು ಬೆಂಗಳೂರಿನ ವಿಜಯ್ ಮಲ್ಯ ಅವರ ಕಂಪೆನಿ. ಒಂದರ ಹೆಸರಿನ ಮುಂದೆ ವಿಸ್ಕಿಯ ಹೆಸರು, ಇನ್ನೊಂದರ ಮುಂದೆ ಬಿಯರಿನ ಹೆಸರು ಸೇರಿಕೊಂಡವು. ಆಮೇಲೆ 2005ರಲ್ಲಿ ವಿಮಾನ ಕಂಪೆನಿ, 2008ರಲ್ಲಿ ಕ್ರಿಕೆಟ್ ತಂಡ, ನಡುವೆ ಕರ್ನಾಟಕದಿಂದಲೇ ಎರಡು ಬಾರಿ ರಾಜ್ಯಸಭೆ. ಆ ದಿನಗಳ ಪತ್ರಿಕೆಗಳಲ್ಲಿ ಅವರದು ಬರೀ ನಗುವಿನ ಚಿತ್ರ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದಾಗ ನೌಕರರಿಗೆ ತಿಂಗಳುಗಟ್ಟಲೆಯಿಂದ ಸಂಬಳವಿರಲಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಜು ಎಂದು ಆ ಹೆಂಡಂದಿರು, ಗಗನಸಖಿಯರು ಪಟ್ಟ ಪಾಡು ಯಾವ ಬಣ್ಣದ ಪುಟದಲ್ಲಿ ಬಂತು? 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು, 2019ರ ಜನವರಿಯಲ್ಲಿ ಕೋರ್ಟು ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಅವರ ಆಸ್ತಿಯಿಂದ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿದೆ ಎಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆ ಲೋಕಸಭೆಯಲ್ಲಿ ಹೇಳಿದರು. ಸಾಲಕ್ಕಿಂತ ಹೆಚ್ಚೇ ವಸೂಲಾಗಿದೆ ಎಂಬುದು ಮಲ್ಯರ ವಾದ. ಅದನ್ನು ಕೋರ್ಟು ನೋಡಿಕೊಳ್ಳಲಿ. ಆದರೆ 2025ರ ಜೂನ್‌ನಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡ ಮೊದಲ ಬಾರಿಗೆ ಕಪ್ ಗೆದ್ದು, ಅದೇ ವಾರದಲ್ಲಿ ಅವರ ನಾಲ್ಕು ಗಂಟೆಯ ಸಂದರ್ಶನವೊಂದು ಹೊರಬಂದಾಗ, ‘ಪಾಪ, ಅವರಿಗೆ ಅನ್ಯಾಯವಾಯಿತು’ ಎಂದು ಎಷ್ಟು ಜನ ಕಣ್ಣೀರಾದರು! ಬ್ಯಾಂಕಿನ ಲೆಕ್ಕವನ್ನಾದರೂ ಎರಡು ಕಡೆಯವರೂ ಹೇಳಿದರು. ಸಂಬಳ ಸಿಗದೆ ಕೂತ ಆ ಮನೆಗಳ ಲೆಕ್ಕ ಯಾವ ಅಭಿಮಾನಿಯ ಬಾಯಲ್ಲಿ ಬಂತು?

ಹಾಗೆಂದು ಹುಡುಗರಿಗೆ ಜೆರ್ಸಿ ಸುಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಕ್ಲಬ್ಬು ಒಡೆಯನದಲ್ಲ. ಚೆಲ್ಸಿ ಹುಟ್ಟಿದ್ದು 1905ರಲ್ಲಿ, ಅಬ್ರಮೊವಿಚ್ ಬಂದದ್ದು 98 ವರ್ಷದ ಮೇಲೆ, ಹೋದದ್ದು 2022ರಲ್ಲಿ. ಕ್ಲಬ್ಬು ಇನ್ನೂ ಇದೆ. ಕ್ಲಬ್ಬನ್ನು ಪ್ರೀತಿಸಲು ಒಡೆಯನ ಪರ ವಕಾಲತ್ತು ಬೇಕಿಲ್ಲ. ತವರನ್ನು ಪ್ರೀತಿಸುವ ನಮಗೆ ತವರಿನ ಯಜಮಾನ ಮಾಡಿದ್ದೆಲ್ಲ ಸರಿ ಎನ್ನುವ ಹಂಗಿದೆಯೆ? ಆತ ಮಾಡಿದ್ದು ತಪ್ಪು ಎನ್ನುತ್ತಲೇ ತವರಿಗಾಗಿ ಕಣ್ಣೊರೆಸಿಕೊಳ್ಳುತ್ತೇವೆ. ಈ ವಿವೇಕ ನಮಗೆ ಗೊತ್ತಿದೆ, ಹುಡುಗರಿಗೆ ಕಲಿಸಿಲ್ಲ ಅಷ್ಟೆ.

ಕಲಿಸಬೇಕಾದದ್ದೂ ಹೆಚ್ಚೇನಿಲ್ಲ. ಯಾರನ್ನಾದರೂ ದಾನಶೂರ ಎಂದು ಹೊಗಳುವಾಗ ಮೂರು ಮಾತು ಕೇಳು ಎನ್ನಿ: ದುಡ್ಡು ಎಲ್ಲಿಂದ ಬಂತು? ಆತನ ಬಗ್ಗೆ ಬರೆಯಲು ಹೋದವರು ಏನಾದರು? ಹೊಗಳಿಕೆಯ ಹೊತ್ತಿನಲ್ಲಿ ಕೋಣೆಯ ಹೊರಗೆ ನಿಂತವರು ಯಾರು? ಪತ್ರಿಕೆಗಳನ್ನೂ ಇದೇ ಮೂರು ಮಾತಿನಿಂದ ಅಳೆಯಬಹುದು. ಏರುವಾಗ ಹೊಗಳಿ ಇಳಿಯುವಾಗ ತೆಗಳುವ ಪತ್ರಿಕೆಗಿಂತ, ಏರುವಾಗಲೇ ಒಂದು ಪ್ರಶ್ನೆ ಕೇಳಿದ ಪತ್ರಿಕೆ ದೊಡ್ಡದು.

ಚೆಲ್ಸಿ ಮಾರಾಟವಾದದ್ದು 2022ರ ಮೇ ತಿಂಗಳಲ್ಲಿ, 250 ಕೋಟಿ ಪೌಂಡಿಗೆ. ಯುದ್ಧದ ಸಂತ್ರಸ್ತರಿಗೆ ಅದನ್ನು ಕೊಡುತ್ತೇನೆ ಎಂದಿದ್ದ ಅಬ್ರಮೊವಿಚ್. ಉಕ್ರೇನಿಗೆ ಮಾತ್ರವೋ, ಎಲ್ಲ ಸಂತ್ರಸ್ತರಿಗೋ ಎಂಬ ಜಗ್ಗಾಟದಲ್ಲಿ ಮೂರು ವರ್ಷ ಕಳೆದು, 2025ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಕೋರ್ಟಿಗೆ ಹೋಗುವುದಾಗಿ ಎಚ್ಚರಿಸುವ ಹೊತ್ತಿಗೂ ಆ ಹಣ ಬ್ಯಾಂಕಿನಲ್ಲೇ ಕೊಳೆಯುತ್ತಿತ್ತು. ಯುದ್ಧದ ಮೊದಲಲ್ಲಿ ಉಕ್ರೇನು ದೊಡ್ಡ ಗಂಡಸರನ್ನು ಗಡಿ ದಾಟಲು ಬಿಡಲಿಲ್ಲ. ಹಾಗಾಗಿ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಪರದೇಶ ಸೇರಿದವರಲ್ಲಿ ಹೆಚ್ಚಿನವರು ಹೆಂಗಸರೇ. ಮೈದಾನದಲ್ಲಿ ಹೆಸರು ಹಿಡಿದು ಹಾಡಿದ ಗಂಟಲುಗಳೆಲ್ಲ ಸೇರಿ, ‘ಆ ಹಣ ಆ ಹೆಂಗಸರಿಗೆ ಯಾವಾಗ ಸೇರುತ್ತದೆ?’ ಎಂದು ಒಮ್ಮೆ ಕೂಗಿದ್ದರೆ ನಾನೂ ನೀಲಿ ಜೆರ್ಸಿ ತೊಡುತ್ತಿದ್ದೆ. ಕೊಟ್ಟೆ ಎಂದವನ ದಟ್ಟಿ ಉಡಬೇಕಾದವರ ಕೈಗೆ ಬರುವವರೆಗೂ ಮೊಳ ಹಾಕುತ್ತಲೇ ಇರಬೇಕು.